ವರ್ನರ್ ಫಾನ್ ಸೀಮೆನ್ಸ್

ಅರ್ನ್ಸ್ಟ್ ವರ್ನರ್ ಫಾನ್ ಸೀಮೆನ್ಸ್ (೧೩ ಡಿಸೆಂಬರ್ ೧೮೧೬ – ೬ ಡಿಸೆಂಬರ್ ೧೮೯೨) ಜರ್ಮನಿಯ ವಿದ್ಯುತ್ ತಂತ್ರಜ್ಞ, ಸಂಶೋಧಕ ಹಾಗೂ ಉದ್ಯಮಿ. ಟೆಲಿಗ್ರಾಫ್ ಜಾಲಗಳ ನಿರ್ಮಾಣದಿಂದ ಹೆಸರಾದ ಇವರು ೧೮೬೬ರಲ್ಲಿ ಡೈನಮೋ ತತ್ತ್ವವನ್ನು ಪ್ರಯೋಗದ ಮೂಲಕ ತೋರಿಸಿಕೊಟ್ಟರು. ಶಾಶ್ವತ ಕಾಂತಗಳ ನೆರವಿಲ್ಲದೆ, ಯಂತ್ರದ ಕಬ್ಬಿಣದಲ್ಲಿ ಉಳಿದಿರುವ ಅಲ್ಪ ಕಾಂತತ್ವದಿಂದಲೇ ವಿದ್ಯುತ್ ಉತ್ಪಾದನೆಯನ್ನು ಆರಂಭಿಸಬಹುದೆಂಬುದು ಈ ತತ್ತ್ವದ ಸಾರ. ವಿದ್ಯುತ್ ವಾಹಕತೆಯ ಅಂತರರಾಷ್ಟ್ರೀಯ ಏಕಮಾನಕ್ಕೆ ಇವರ ಹೆಸರನ್ನು ಇಡಲಾಗಿದೆ.

ಬಾಲ್ಯ ಮತ್ತು ಶಿಕ್ಷಣ

ವರ್ನರ್ ಅವರು ಹ್ಯಾನೋವರ್ ನಗರದ ಸಮೀಪದ ಲೆಂಟೆ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಕ್ರಿಸ್ಟಿಯನ್ ಫರ್ಡಿನಾಂಡ್ ಸೀಮೆನ್ಸ್ ಗೇಣಿ ಭೂಮಿಯಲ್ಲಿ ಬೇಸಾಯ ಮಾಡುತ್ತಿದ್ದರು. ತಾಯಿ ಎಲಿಯೊನೊರೆ. ಮಕ್ಕಳು ಬಹಳವಿದ್ದ ಕುಟುಂಬವಾದುದರಿಂದ ಹಣದ ಅಡಚಣೆ ಸದಾ ಇತ್ತು. ಲ್ಯೂಬೆಕ್ ನಗರದ ಪ್ರೌಢಶಾಲೆಯಲ್ಲಿ ಓದುತ್ತಿದ್ದ ವರ್ನರ್, ವಿಶ್ವವಿದ್ಯಾಲಯದ ವೆಚ್ಚ ಭರಿಸಲಾರದೆ ೧೮೩೪ರಲ್ಲಿ ಶಾಲೆಯನ್ನು ಬಿಟ್ಟು ಪ್ರಷ್ಯಾದ ಸೈನ್ಯವನ್ನು ಸೇರಿದರು. ಫಿರಂಗಿದಳದ ಅಭ್ಯರ್ಥಿಯಾಗಿ ಬರ್ಲಿನ್ನಿನ ಸೈನಿಕ ಎಂಜಿನಿಯರಿಂಗ್ ಶಾಲೆಯಲ್ಲಿ ಮೂರು ವರ್ಷ ಗಣಿತ, ಭೌತಶಾಸ್ತ್ರ ಹಾಗೂ ರಸಾಯನಶಾಸ್ತ್ರಗಳನ್ನು ಅಭ್ಯಾಸ ಮಾಡಿದರು.

೧೮೩೯ರಲ್ಲಿ ತಾಯಿಯೂ ೧೮೪೦ರಲ್ಲಿ ತಂದೆಯೂ ತೀರಿಕೊಂಡರು. ತಮ್ಮಂದಿರ ಯೋಗಕ್ಷೇಮದ ಹೊಣೆ ಹೆಚ್ಚಾಗಿ ವರ್ನರ್ ಅವರ ಮೇಲೆ ಬಿದ್ದಿತು. ಸೈನ್ಯಾಧಿಕಾರಿಯ ಅಲ್ಪ ವೇತನದಲ್ಲಿ ಸಂಸಾರ ನಡೆಯಲಾರದೆ, ಹೊಸ ಉಪಜ್ಞೆಗಳಿಂದ ಹಣ ಗಳಿಸುವ ದಾರಿಯನ್ನು ಅವರು ಹುಡುಕತೊಡಗಿದರು.

ಸೆರೆಮನೆ ಮತ್ತು ಮೊದಲ ಉಪಜ್ಞೆ

ಅಧಿಕಾರಿಗಳಿಬ್ಬರ ದ್ವಂದ್ವಯುದ್ಧದಲ್ಲಿ ಒಬ್ಬರ ಸಹಾಯಕರಾಗಿ ನಿಂತ ಕಾರಣಕ್ಕೆ ವರ್ನರ್ ಅವರು ಮ್ಯಾಗ್ಡೆಬರ್ಗ್ ಕೋಟೆಯಲ್ಲಿ ಸೆರೆವಾಸ ಅನುಭವಿಸಬೇಕಾಯಿತು. ಸೆರೆಕೋಣೆಯನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡು, ವಿದ್ಯುತ್ತಿನ ನೆರವಿನಿಂದ ಲೋಹಕ್ಕೆ ಚಿನ್ನದ ಲೇಪ ಕೊಡುವ ವಿಧಾನವನ್ನು ರೂಪಿಸಿದರು. ೧೮೪೨ರಲ್ಲಿ ಇದಕ್ಕೆ ಪ್ರಷ್ಯಾದ ಪೇಟೆಂಟ್ ದೊರೆಯಿತು. ತಮ್ಮ ವಿಲ್ಹೆಲ್ಮ್ ಇಂಗ್ಲೆಂಡಿಗೆ ಹೋಗಿ ಈ ವಿಧಾನದ ಹಕ್ಕನ್ನು ಮಾರಿ ಬಂದರು. ಮುಂದೆ ಅಲ್ಲಿಯೇ ನೆಲೆಸಿದ ವಿಲ್ಹೆಲ್ಮ್, ವಿಲಿಯಂ ಸೀಮೆನ್ಸ್ ಎಂಬ ಹೆಸರಿನಿಂದ ಪ್ರಸಿದ್ಧರಾದರು.

ಟೆಲಿಗ್ರಾಫ್ ಉದ್ಯಮ

೧೮೪೭ರಲ್ಲಿ ವರ್ನರ್ ಅವರು ಸೂಚಿಮುಳ್ಳಿನ ಮೂಲಕ ಅಕ್ಷರಗಳನ್ನು ತೋರಿಸುವ ಸುಧಾರಿತ ಟೆಲಿಗ್ರಾಫ್ ಯಂತ್ರವನ್ನು ರಚಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕುಶಲ ಯಂತ್ರಕರ್ಮಿ ಯೊಹಾನ್ ಗೇಯೊರ್ಗ್ ಹಾಲ್ಸ್ಕೆ ಅವರೊಡನೆ ಬರ್ಲಿನ್ನಿನಲ್ಲಿ ಸಣ್ಣ ಕಾರ್ಖಾನೆಯನ್ನು ತೆರೆದರು. ಬಂಧುವೊಬ್ಬರು ಬಂಡವಾಳ ಒದಗಿಸಿದರು. ಸಂಸ್ಥೆ ನಿರ್ಮಿಸಿದ ಬರ್ಲಿನ್–ಫ್ರಾಂಕ್‌ಫರ್ಟ್ ಮಾರ್ಗವು, ೧೮೪೯ರ ಮಾರ್ಚಿಯಲ್ಲಿ ಫ್ರಾಂಕ್‌ಫರ್ಟ್ ಸಭೆಯು ಪ್ರಷ್ಯಾದ ಅರಸನನ್ನು ಚಕ್ರವರ್ತಿಯಾಗಿ ಆರಿಸಿದ ಸುದ್ದಿಯನ್ನು ಒಂದು ಗಂಟೆಯೊಳಗೆ ಬರ್ಲಿನ್ನಿಗೆ ತಲಪಿಸಿತು. ಆ ವರ್ಷವೇ ವರ್ನರ್ ಸೈನ್ಯವನ್ನು ಬಿಟ್ಟರು.

ಯಶಸ್ಸಿನ ಬೆನ್ನಿಗೇ ಸಂಕಷ್ಟವೂ ಬಂದಿತು. ನೆಲದಡಿಯ ತಂತಿಗಳಿಗೆ ಗಟಪರ್ಚ ಎಂಬ ಮರದ ಹಾಲಿನಿಂದ ತಯಾರಾದ ಹೊದಿಕೆಯನ್ನು ಬಳಸಲಾಗಿತ್ತು. ಆಳವಾಗಿ ಹೂಳದ, ಲೋಹದ ಕವಚವಿಲ್ಲದ ಈ ತಂತಿಗಳು ಬೇಗನೆ ಕೆಟ್ಟವು. ಇಲಿಗಳ ಹಾವಳಿಯೂ ಸೇರಿಕೊಂಡಿತು. ದೋಷ ಯಾರದೆಂಬ ವಾದವು ಪ್ರಷ್ಯಾದ ತಂತಿ ಇಲಾಖೆಯೊಡನೆ ವಿರಸಕ್ಕೆ ಕಾರಣವಾಗಿ, ಸರಕಾರದ ಕೆಲಸಗಳು ಕೈತಪ್ಪಿದವು. ಸಂಸ್ಥೆಯನ್ನು ಉಳಿಸಿದ್ದು ರಷ್ಯಾದ ಟೆಲಿಗ್ರಾಫ್ ಕಾಮಗಾರಿಗಳು. ಅಲ್ಲಿನ ವ್ಯವಹಾರವನ್ನು ತಮ್ಮ ಕಾರ್ಲ್ ನೋಡಿಕೊಂಡರು. ತಂತಿಯ ದೋಷ ಎಲ್ಲಿದೆಯೆಂಬುದನ್ನು ಅಳತೆಯಿಂದ ಪತ್ತೆಹಚ್ಚಬೇಕಾದರೆ ರೋಧಕ್ಕೆ ಖಚಿತ ಮಾನವೊಂದು ಬೇಕು. ಅದಕ್ಕಾಗಿ ವರ್ನರ್ ೧೮೬೦ರಲ್ಲಿ ಒಂದು ಮೀಟರ್ ಉದ್ದದ, ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ಪಾದರಸ ಕಂಬದ ರೋಧವನ್ನು ಮಾನವಾಗಿ ಸೂಚಿಸಿದರು.

ಭಾರತದೊಡನೆ ಸಂಬಂಧ

ಲಂಡನ್ ಮತ್ತು ಕಲ್ಕತ್ತಗಳನ್ನು ಜೋಡಿಸಿದ ಇಂಡೋ-ಯುರೋಪಿಯನ್ ಟೆಲಿಗ್ರಾಫ್ ಮಾರ್ಗ ೧೮೭೦ರಲ್ಲಿ ಪೂರ್ಣಗೊಂಡಿತು. ಸುಮಾರು ೧೧,೦೦೦ ಕಿಲೋಮೀಟರ್ ಉದ್ದದ ಈ ಮಾರ್ಗದಲ್ಲಿ, ಪ್ರಷ್ಯಾ ಮತ್ತು ರಷ್ಯಾಗಳ ಮೂಲಕ ತೆಹರಾನಿನವರೆಗಿನ ಭಾಗವನ್ನು ಸೀಮೆನ್ಸ್ ಸಹೋದರರು ನಿರ್ಮಿಸಿದರು. ಪ್ರಾಯೋಗಿಕ ಸಂದೇಶವೊಂದು ಲಂಡನ್ನಿನಿಂದ ಕಲ್ಕತ್ತವನ್ನು ೨೮ ನಿಮಿಷಗಳಲ್ಲಿ ತಲಪಿತು.

ಡೈನಮೋ ತತ್ತ್ವ

ಕಾಂತಕ್ಷೇತ್ರದಲ್ಲಿ ತಂತಿಯ ಸುರುಳಿ ಚಲಿಸಿದಾಗ ವಿದ್ಯುತ್ತು ಹುಟ್ಟುವುದನ್ನು ಮೈಕೆಲ್ ಫ್ಯಾರಡೆ ೧೮೩೧ರಲ್ಲಿ ಕಂಡುಹಿಡಿದಿದ್ದರು. ಆಗ ಬಳಕೆಗೆ ಬಂದ ಯಂತ್ರಗಳಲ್ಲಿ ಉಕ್ಕಿನ ಶಾಶ್ವತ ಕಾಂತಗಳಿದ್ದವು. ಅವು ಭಾರವಾಗಿದ್ದವು, ದುರ್ಬಲವಾಗಿದ್ದವು, ಕಾಲಕ್ರಮದಲ್ಲಿ ಶಕ್ತಿಯನ್ನೂ ಕಳೆದುಕೊಳ್ಳುತ್ತಿದ್ದವು. ೧೮೫೬ರಲ್ಲಿ ವರ್ನರ್ ಅವರು ಎರಡು ಟಿ ಅಕ್ಷರಗಳನ್ನು ಜೋಡಿಸಿದ ಆಕಾರದ ಆರ್ಮೇಚರನ್ನು ರಚಿಸಿ ಈ ಯಂತ್ರಗಳನ್ನು ಸುಧಾರಿಸಿದರು.

ಹತ್ತು ವರ್ಷಗಳ ಬಳಿಕ ಅವರು ಶಾಶ್ವತ ಕಾಂತಗಳನ್ನೇ ತೆಗೆದುಹಾಕಿ, ಮೆದುಕಬ್ಬಿಣದ ವಿದ್ಯುತ್ಕಾಂತವನ್ನು ಅಳವಡಿಸಿದರು. ಒಮ್ಮೆ ಕಾಂತೀಕರಣಗೊಂಡ ಕಬ್ಬಿಣದಲ್ಲಿ ಸ್ವಲ್ಪ ಕಾಂತತ್ವ ಉಳಿದೇ ಇರುತ್ತದೆ. ಇದನ್ನು ಶೇಷಕಾಂತತ್ವ ಎನ್ನುತ್ತಾರೆ. ಆರ್ಮೇಚರ್ ತಿರುಗಿದಾಗ ಇದರಿಂದ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಆ ವಿದ್ಯುತ್ತು ಕ್ಷೇತ್ರದ ಸುರುಳಿಯಲ್ಲಿ ಹರಿದು ಕಾಂತವನ್ನು ಬಲಪಡಿಸುತ್ತದೆ. ಬಲಗೊಂಡ ಕಾಂತವು ಇನ್ನಷ್ಟು ವಿದ್ಯುತ್ತನ್ನು ಹುಟ್ಟಿಸುತ್ತದೆ. ಕಬ್ಬಿಣವು ಕಾಂತತ್ವದಿಂದ ತುಂಬುತ್ತ ಬಂದಂತೆ ಈ ಏರಿಕೆ ನಿಧಾನಗೊಂಡು, ವೋಲ್ಟೇಜು ಒಂದು ಮಟ್ಟದಲ್ಲಿ ನಿಲ್ಲುತ್ತದೆ. ೧೮೬೬ರ ಡಿಸೆಂಬರ್‌ನಲ್ಲಿ ವರ್ನರ್ ಅವರು ಬರ್ಲಿನ್ನಿನ ವಿಜ್ಞಾನಿಗಳಿಗೆ ಈ ಯಂತ್ರವನ್ನು ತೋರಿಸಿದರು. ೧೮೬೭ರ ಜನವರಿ ೧೭ರಂದು ಭೌತವಿಜ್ಞಾನಿ ಗುಸ್ತಾವ್ ಮಾಗ್ನುಸ್ ಅದರ ವರದಿಯನ್ನು ಪ್ರಷ್ಯಾದ ವಿಜ್ಞಾನ ಅಕಾಡೆಮಿಯ ಮುಂದಿಟ್ಟರು.

ಪ್ರಥಮ ಯಾರೆಂಬ ವಿವಾದ

ಇದೇ ವಿಚಾರ ಬೇರೆಯವರಿಗೂ ಹೊಳೆದಿತ್ತು. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಆಲ್ಫ್ರೆಡ್ ವಾರ್ಲಿ ೧೮೬೬ರ ಡಿಸೆಂಬರ್‌ನಲ್ಲಿಯೇ ಪೇಟೆಂಟ್ ಅರ್ಜಿ ಸಲ್ಲಿಸಿದ್ದರು. ೧೮೬೭ರ ಫೆಬ್ರವರಿ ೧೪ರಂದು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ವಿಲಿಯಂ ಸೀಮೆನ್ಸ್ ಅಣ್ಣನ ಸಂಶೋಧನೆಯನ್ನು ಮಂಡಿಸಿದ ಸಭೆಯಲ್ಲೇ ಚಾರ್ಲ್ಸ್ ವೀಟ್‌ಸ್ಟನ್ ಕೂಡ ಸ್ವತಂತ್ರವಾಗಿ ಇದೇ ತತ್ತ್ವವನ್ನು ಮಂಡಿಸಿದರು. ಹಂಗೆರಿಯ ಪಾದ್ರಿ ಹಾಗೂ ಅಧ್ಯಾಪಕ ಆನ್ಯೋಶ್ ಯೆಡ್ಲಿಕ್ ಕೆಲವು ವರ್ಷ ಮೊದಲೇ ಇದನ್ನು ಅರಿತಿದ್ದರೂ ಅದಕ್ಕೆ ಪ್ರಚಾರ ದೊರೆತಿರಲಿಲ್ಲ. ಆದುದರಿಂದ ತತ್ತ್ವದ ಕೀರ್ತಿ ಒಬ್ಬರಿಗೇ ಸಲ್ಲುವಂಥದಲ್ಲ. ಇದರ ಕೈಗಾರಿಕಾ ಮಹತ್ತ್ವವನ್ನು ಮೊದಲೇ ಗುರುತಿಸಿ ಬೆಳೆಸಿದವರಲ್ಲಿ ವರ್ನರ್ ಪ್ರಮುಖರು.

ಇಂದಿನ ಜನರೇಟರ್‌ಗಳಲ್ಲಿ ಈ ತತ್ತ್ವ

ಮನೆಗಳಲ್ಲಿ ಕರೆಂಟು ಹೋದಾಗ ಬಳಸುವ ಅನೇಕ ಜನರೇಟರ್‌ಗಳು ಇಂದಿಗೂ ಶೇಷಕಾಂತತ್ವವನ್ನೇ ನೆಚ್ಚಿಕೊಂಡಿವೆ. ಸೈನ್ಯದ ಅಥವಾ ಕಾರ್ಖಾನೆಯ ಹೆಚ್ಚುವರಿ ದಾಸ್ತಾನಿನಿಂದ ಬಂದು, ವರ್ಷಗಟ್ಟಲೆ ಸುಮ್ಮನೆ ನಿಂತ ಯಂತ್ರದಲ್ಲಿ ಈ ಕಾಂತತ್ವ ಕ್ಷೀಣಿಸಿರಬಹುದು. ಆಗ ಎಂಜಿನ್ ಸರಿಯಾಗಿ ಓಡಿದರೂ ವೋಲ್ಟೇಜು ಬರುವುದಿಲ್ಲ. ಇಂಥ ಸಂದರ್ಭದಲ್ಲಿ ತಂತ್ರಜ್ಞರು ಮೊದಲು ವೇಗವನ್ನು ಪರೀಕ್ಷಿಸುತ್ತಾರೆ. ೫೦ ಹರ್ಟ್ಸ್ ವಿದ್ಯುತ್ತಿಗೆ ನಾಲ್ಕು ಧ್ರುವಗಳ ಯಂತ್ರ ನಿಮಿಷಕ್ಕೆ ೧,೫೦೦ ಸುತ್ತು ತಿರುಗಬೇಕು. ವೇಗ ತಗ್ಗಿದರೆ ವೋಲ್ಟೇಜೂ ತಗ್ಗುತ್ತದೆ. ಕೆಲವೇ ವೋಲ್ಟ್ ಕಂಡುಬಂದರೆ ಶೇಷಕಾಂತತ್ವ ಇದೆ, ಆದರೆ ಅದು ಬೆಳೆಯುತ್ತಿಲ್ಲ ಎಂದರ್ಥ. ಸವೆದ ಬ್ರಷ್, ಸಡಿಲ ಜೋಡಣೆ, ತುಂಡಾದ ಕ್ಷೇತ್ರದ ಸುರುಳಿ ಅಥವಾ ಕೆಟ್ಟ ವೋಲ್ಟೇಜ್ ನಿಯಂತ್ರಕ ಇದಕ್ಕೆ ಕಾರಣವಾಗಿರಬಹುದು. ಕಾಂತತ್ವವೇ ಹೋಗಿದ್ದರೆ, ನಿಯಂತ್ರಕವನ್ನು ಬೇರ್ಪಡಿಸಿ, ತಯಾರಕರು ಸೂಚಿಸಿದ ಧ್ರುವಕ್ರಮದಲ್ಲಿ ಬ್ಯಾಟರಿಯ ವಿದ್ಯುತ್ತನ್ನು ಕ್ಷೇತ್ರದ ಸುರುಳಿಗೆ ಕೆಲವು ಕ್ಷಣ ಹಾಯಿಸಿ ಕಬ್ಬಿಣವನ್ನು ಮತ್ತೆ ಕಾಂತೀಕರಿಸಲಾಗುತ್ತದೆ.

ಉತ್ತರಾರ್ಧ ಮತ್ತು ನಿಧನ

೧೮೭೯ರ ಬರ್ಲಿನ್ ಪ್ರದರ್ಶನದಲ್ಲಿ ಸಂಸ್ಥೆಯು ವಿದ್ಯುತ್ ರೈಲನ್ನು ಓಡಿಸಿ ತೋರಿಸಿತು. ೧೮೮೧ರಲ್ಲಿ ಬರ್ಲಿನ್ನಿನ ಬಳಿಯ ಲಿಕ್ಟರ್‌ಫೆಲ್ಡೆಯಲ್ಲಿ ವಿದ್ಯುತ್ ಟ್ರಾಮ್ ಸಂಚಾರವನ್ನು ಆರಂಭಿಸಿತು. ಕಾರ್ಮಿಕರಿಗಾಗಿ ೧೮೭೨ರಲ್ಲಿ ಪಿಂಚಣಿ ನಿಧಿಯನ್ನು ಸ್ಥಾಪಿಸಲಾಯಿತು. ೧೮೮೭ರಲ್ಲಿ ಆರಂಭವಾದ ಜರ್ಮನಿಯ ರಾಷ್ಟ್ರೀಯ ಭೌತ-ತಾಂತ್ರಿಕ ಸಂಸ್ಥೆಗೆ ವರ್ನರ್ ಅವರು ನಿವೇಶನವನ್ನು ದಾನವಾಗಿ ಕೊಟ್ಟರು.

೧೮೫೨ರಲ್ಲಿ ಮಥಿಲ್ಡೆ ಡ್ರೂಮಾನ್ ಅವರನ್ನು ವಿವಾಹವಾಗಿದ್ದ ವರ್ನರ್, ೧೮೬೫ರಲ್ಲಿ ಆಕೆ ತೀರಿಕೊಂಡ ಬಳಿಕ ೧೮೬೯ರಲ್ಲಿ ದೂರದ ಬಂಧುವಾದ ಆಂಟೊನಿ ಸೀಮೆನ್ಸ್ ಅವರನ್ನು ವರಿಸಿದರು. ೧೮೮೮ರಲ್ಲಿ ದೊರೆತ ಕುಲೀನ ಪದವಿಯಿಂದ ಅವರ ಹೆಸರಿನಲ್ಲಿ ಫಾನ್ ಎಂಬುದು ಸೇರಿತು. ೧೮೯೦ರಲ್ಲಿ ಆಡಳಿತದಿಂದ ನಿವೃತ್ತರಾಗಿ ಆತ್ಮಕಥೆಯನ್ನು ಬರೆದರು. ಅದು ಪ್ರಕಟವಾದ ೧೮೯೨ರಲ್ಲಿಯೇ, ಡಿಸೆಂಬರ್ ೬ರಂದು ನಿಧನರಾದರು. ವಾಹಕತೆಯ ಏಕಮಾನಕ್ಕೆ ಸೀಮೆನ್ಸ್ ಎಂಬ ಹೆಸರನ್ನು ೧೯೭೧ರಲ್ಲಿ ಅಂತರರಾಷ್ಟ್ರೀಯವಾಗಿ ಅಂಗೀಕರಿಸಲಾಯಿತು.