‘ನಗುವನು’ ಎಂಬ ಹೆಸರು

ನಿಮ್ಮ ತರಗತಿಯಲ್ಲಿ ಐಸಾಕ್ ಎಂಬ ಹುಡುಗನೊಬ್ಬನೂ, ನೆರೆಮನೆಯ ಅರಬ್ಬೀ ಮಾತಿನವರಲ್ಲಿ ಇಸ್‌ಹಾಕ್ ಎಂಬ ಇನ್ನೊಬ್ಬನೂ ಇದ್ದರೆ, ಅವರಿಬ್ಬರದೂ ಒಂದೇ ಹೆಸರೆಂಬುದು ನಿಮಗೆ ಸುಲಭವಾಗಿ ಹೊಳೆಯಲಾರದು. ಮೂಲವಾದ ಹೀಬ್ರೂ ಭಾಷೆಯಲ್ಲಿ ಅದು ಯಿತ್ಸ್‌ಹಾಕ್. ಅಲ್ಲಿಯ ತ್ಸಕಾರಕ್ಕೂ ಗಂಟಲಿನಾಳದ ಹಕಾರಕ್ಕೂ ಗ್ರೀಕರಲ್ಲಿ ಸರಿಯಾದ ಅಕ್ಷರ ಒದಗದೆ ಇಸಾಕ್ ಎಂದಾಗಿ, ಲ್ಯಾಟಿನಿನ ಮಾರ್ಗವಾಗಿ ಇಂಗ್ಲಿಷನ್ನು ಸೇರಿ ಐಸಾಕ್ ಎನಿಸಿತು. ನಮ್ಮ ಸತ್ಯವೇದದಲ್ಲಿ ಈ ಹೆಸರಿನವನು, ಅಬ್ರಹಾಮ ಸಾರಳ ಮಗನು, ಇಸಾಕ.

ಯಿತ್ಸ್‌ಹಾಕ್ ಎಂಬುದರ ಅರ್ಥದಲ್ಲಿ ನಗೆಯಿದೆ. ನಮ್ಮ ಸುಹಾಸನೆಂಬ ಹೆಸರಿನಲ್ಲಿಯೂ ನಗೆಯುಂಟು. ಆದರೆ ಅದು ನಾಮಪದ, ಇದಾದರೋ ಕ್ರಿಯಾಪದ. ನಡೆಯುತ್ತಿರುವುದನ್ನೂ ನಡೆಯಲಿರುವುದನ್ನೂ ಹೀಬ್ರೂವಿನ ಈ ಒಂದೇ ರೂಪ ಹೇಳಬಲ್ಲುದಾದ್ದರಿಂದ, ‘ನಗುತ್ತಾನೆ’ ಎನ್ನಬೇಕೋ ‘ಮುಂದೆ ನಕ್ಕಾನು’ ಎನ್ನಬೇಕೋ ಎಂದು ಇಂಗ್ಲಿಷಿಗೆ ತರುವವರು ತಡವರಿಸುವರು. ನಮಗೆ ಆ ಕಷ್ಟವಿಲ್ಲ. ಸೂರ್ಯನು ಪೂರ್ವದಲ್ಲಿ ಉದಿಸುವನು, ಅಣ್ಣನು ನಾಳೆ ಬರುವನು ಎಂದು ಎರಡಕ್ಕೂ ಒಂದೇ ಪ್ರತ್ಯಯವನ್ನು ಹಚ್ಚುವ ಕನ್ನಡದಲ್ಲಿ ‘ನಗುವನು’ ಎಂದರೆ ಸಾಕು.

ನಗುವವನು ಯಾರು? ಇಸಾಕನ ಅಣ್ಣನಾದ ಇಷ್ಮಾಯೇಲನ ಹೆಸರಿಗೆ ‘ದೇವರು ಕೇಳುವನು’ ಎಂದರ್ಥ. ಕೊನೆಯ ‘ಏಲ್’ ದೇವವಾಚಕ. ಇಸಾಕನ ಹೆಸರಿನಲ್ಲಿಯೂ ಅಂಥದೊಂದು ಬಾಲವಿದ್ದು ಕಾಲಾಂತರದಲ್ಲಿ ಉದುರಿಹೋಗಿರಬೇಕೆಂದು ಕೆಲವು ಪಂಡಿತರು ಊಹಿಸುವರು. ಊಹೆಯಿರಲಿ, ಕಥೆಯು ಹೇಳುವ ನಗೆಯೇ ನನಗೆ ಹೆಚ್ಚು ಪ್ರಿಯ.

ನಿನ್ನ ಹೆಂಡತಿ ಸಾರಳಲ್ಲಿ ನಿನಗೆ ಮಗನಾಗುವನೆಂದು ದೇವರು ನುಡಿದಾಗ 99 ವರ್ಷದ ಅಬ್ರಹಾಮನು ಬೋರಲು ಬಿದ್ದು ನಕ್ಕನು. ಹೆಸರು ಆಗಲೇ ನಿಶ್ಚಯವಾಯಿತು. ಬಳಿಕ ಮಮ್ರೆಯ ತೋಪಿನಲ್ಲಿ, ಬಿಸಿಲೇರಿದ ಹೊತ್ತಿನಲ್ಲಿ ಬಂದ ಮೂವರು ಅತಿಥಿಗಳಿಗಾಗಿ ರೊಟ್ಟಿಯ ಹಿಟ್ಟನ್ನು ನಾದಿದ್ದ ಸಾರಳು, ಗುಡಾರದ ಬಾಗಿಲ ಮರೆಯಿಂದ ಅದೇ ಮಾತನ್ನು ಕೇಳಿ (ಅಡಿಗೆಮನೆಯ ಬಾಗಿಲಲ್ಲಿ ನಿಂತು ಪಡಸಾಲೆಗೆ ಕಿವಿಗೊಡುವ ನಮ್ಮ ಅಜ್ಜಿಯರನ್ನು ಬಲ್ಲವರಿಗೆ ಈ ಚಿತ್ರ ಹೊಸದಲ್ಲ) ಈ ಮುಪ್ಪಿನಲ್ಲಿ ನನಗೇನು ಮಗುವೆಂದು ತನ್ನೊಳಗೇ ನಕ್ಕಳು. ನಕ್ಕೆಯೇಕೆ ಎಂಬ ಪ್ರಶ್ನೆ ಬರಲು, ಬೆದರಿ, ನಗಲಿಲ್ಲವೆಂದಳು. ಇಲ್ಲ, ನಕ್ಕೆ ಎಂಬ ಉತ್ತರ ಬಂದಿತು. ಹೀಗೆ ನಗಲೇ ಇಲ್ಲವೆಂದು ಸಾಧಿಸಹೋದ ಆ ತಾಯಿ, ಮಗುವನ್ನು ಎತ್ತಿಕೊಂಡ ದಿನ ಬಾಯಿತುಂಬ ನಕ್ಕಳು. ಆಮೇಲೆ ಅವನನ್ನು ಊಟಕ್ಕೆ ಕರೆಯಬೇಕಾದಾಗಲೆಲ್ಲ ಗುಡಾರದ ಬಾಗಿಲಲ್ಲಿ ನಿಂತು ಆ ನಗೆಯನ್ನೇ ಕೂಗಬೇಕಾಯಿತು.