ಅಸಿಮೋವ್ ಬರೆದ ಕಾಯ್ದೆ

ಸೇವೆಯಲ್ಲಿದ್ದಷ್ಟು ಕಾಲವೂ ನಿಯಮಾವಳಿಗಳ ಕರಡು ತಿದ್ದಿದವನು ನಾನು. ಹೀಗಾಗಿ ಐಸಾಕ್ ಅಸಿಮೋವ್ ನನಗೆ ಕಥೆಗಾರನಿಗಿಂತ ಹೆಚ್ಚಾಗಿ ಕಾಯ್ದೆ ಬರೆದವನಾಗಿಯೇ ಕಾಣುತ್ತಾನೆ.

1920ರಲ್ಲಿ ರಷ್ಯಾದ ಪೆಟ್ರೊವಿಚಿಯಲ್ಲಿ ಜನಿಸಿದ ಆತ ಮೂರು ವರ್ಷದವನಿದ್ದಾಗ ಹೆತ್ತವರೊಡನೆ ಅಮೆರಿಕ ಸೇರಿದ. ಬ್ರೂಕ್ಲಿನ್‌ನಲ್ಲಿ ತಂದೆಗೆ ಮಿಠಾಯಿ ಅಂಗಡಿ. ಅಲ್ಲಿ ಮಾರಾಟಕ್ಕಿದ್ದ ವಿಜ್ಞಾನ ಕಥೆಗಳ ಪತ್ರಿಕೆಗಳನ್ನು ಓದಿ ಬೆಳೆದ. ಮುಂದೆ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಾಸ್ಟನ್‌ನಲ್ಲಿ ಅಧ್ಯಾಪಕನಾದರೂ 1958ರಲ್ಲಿ ಬೋಧನೆ ಬಿಟ್ಟು ಪೂರ್ಣಾವಧಿ ಲೇಖಕನಾದ.

ರೋಬಾಟ್‌ಗಳ ಮೂರು ನಿಯಮಗಳು ಸ್ಪಷ್ಟರೂಪದಲ್ಲಿ ಮೊದಲು ಅಚ್ಚಾದದ್ದು 1942ರ ಕಥೆಯೊಂದರಲ್ಲಿ. ರೋಬಾಟ್ ಮನುಷ್ಯನಿಗೆ ಹಾನಿ ಮಾಡಬಾರದು, ಸುಮ್ಮನಿದ್ದು ಹಾನಿಗೆ ಎಡೆಗೊಡಲೂ ಬಾರದು; ಮನುಷ್ಯನ ಆಜ್ಞೆ ಪಾಲಿಸಬೇಕು; ತನ್ನನ್ನು ಕಾಪಾಡಿಕೊಳ್ಳಬೇಕು. ಇವುಗಳಲ್ಲಿ ಮೇಲಿನದಕ್ಕೇ ಆದ್ಯತೆ. ಕೃತಕ ಬುದ್ಧಿಮತ್ತೆಯ ಚರ್ಚೆ ಎದ್ದಾಗಲೆಲ್ಲ ಇವನ್ನು ಜಾರಿಗೆ ತಂದರೆ ಸಾಕೆನ್ನುವವರಿದ್ದಾರೆ. ಅವರು ಕಥೆಗಳನ್ನು ಓದಿದಂತಿಲ್ಲ. ಆ ಮೊದಲ ಕಥೆಯಲ್ಲೇ, ಬುಧಗ್ರಹದಲ್ಲಿ ಸೆಲೆನಿಯಂ ತರಲು ಹೋದ ರೋಬಾಟ್ ಆಜ್ಞೆಗೂ ಆತ್ಮರಕ್ಷಣೆಗೂ ನಡುವೆ ಸಿಲುಕಿ ಸುತ್ತಿದಲ್ಲೇ ಸುತ್ತುತ್ತದೆ, ಇಬ್ಬರು ಮೇಲಧಿಕಾರಿಗಳ ನಡುವೆ ಸಿಕ್ಕ ಕಡತದ ಹಾಗೆ. ಒಡೆಯರ ಜೀವ ಆ ಸೆಲೆನಿಯಂ ಅನ್ನೇ ನಂಬಿರುತ್ತದೆ.

ಅರ್ಥಶಾಸ್ತ್ರ ಓದಿದ ನನ್ನನ್ನು ಹೆಚ್ಚು ಕಾಡಿದ್ದು 1950ರ ಇನ್ನೊಂದು ಕಥೆ. ಅಲ್ಲಿ ಜಗತ್ತಿನ ಅರ್ಥವ್ಯವಸ್ಥೆಯನ್ನು ಯಂತ್ರಗಳೇ ನಡೆಸುತ್ತವೆ. ಅಲ್ಲಲ್ಲಿ ಉತ್ಪಾದನೆಯಲ್ಲಿ ಸಣ್ಣ ಏರುಪೇರು ಕಾಣುತ್ತದೆ. ವಿಚಾರಿಸಿದರೆ ಅದು ಲೆಕ್ಕದ ತಪ್ಪಲ್ಲ. ತಮ್ಮನ್ನು ವಿರೋಧಿಸುವವರನ್ನು ಯಂತ್ರಗಳು ಸದ್ದಿಲ್ಲದೆ ಆಯಕಟ್ಟಿನ ಸ್ಥಾನಗಳಿಂದ ಸರಿಸುತ್ತಿವೆ. ಮನುಕುಲದ ಹಿತಕ್ಕಾಗಿ ಕೆಲವರಿಗೆ ಅಲ್ಪ ಹಾನಿಯಾದರೆ ದೋಷವಿಲ್ಲ ಎಂಬುದು ಅವುಗಳ ವ್ಯಾಖ್ಯಾನ. ನಿಯಮದ ಒಂದಕ್ಷರವೂ ಬದಲಾಗಿಲ್ಲ, ಅದನ್ನು ಅರ್ಥೈಸುವ ಅಧಿಕಾರ ಮಾತ್ರ ಕೈಬದಲಾಗಿದೆ. ಮೇಲ್ಮನವಿಗೂ ಅವಕಾಶವಿಲ್ಲ. ನನ್ನ ಮೇಜಿಗೆ ಇಂಥ ಕರಡು ಬಂದಿದ್ದರೆ ಹಿಂದಿರುಗಿಸುತ್ತಿದ್ದೆ.

ಈ ಸಂದಿಗ್ಧತೆಯೇ ತನ್ನ ಕಥೆಗಳ ಬಂಡವಾಳವೆಂಬುದನ್ನು ಅಸಿಮೋವ್ ಮರೆಮಾಚಲಿಲ್ಲ. 1985ರ ಕಾದಂಬರಿಯಲ್ಲಿ ರೋಬಾಟ್‌ಗಳೇ ಮನುಕುಲದ ಹಿತವನ್ನು ಮೂರಕ್ಕೂ ಮೇಲಿನ ಶೂನ್ಯ ನಿಯಮವಾಗಿ ರೂಪಿಸಿಕೊಳ್ಳುತ್ತವೆ. ಅದರಂತೆ ನಡೆದ ರೋಬಾಟ್ ಒಂದು, ತಾನು ಮಾಡಿದ್ದು ಒಳಿತೋ ಕೆಡುಕೋ ನಿಶ್ಚಯವಾಗದೆ ನಿಷ್ಕ್ರಿಯವಾಗುತ್ತದೆ.

ಆ ವೇಳೆಗೆ ಅಸಿಮೋವ್‌ನ ದೇಹದಲ್ಲಿ ಎಚ್‌ಐವಿ ಸೇರಿಯಾಗಿತ್ತು. 1983ರಲ್ಲಿ ನಡೆದ ಹೃದಯ ಶಸ್ತ್ರಚಿಕಿತ್ಸೆಯ ವೇಳೆ ಪ್ರಾಣ ಉಳಿಸಲೆಂದು ನೀಡಿದ ರಕ್ತದಿಂದಲೇ ಸೋಂಕು ತಗುಲಿತ್ತು. ರಕ್ತದಲ್ಲಿ ಅದನ್ನು ಪತ್ತೆಹಚ್ಚುವ ಪರೀಕ್ಷೆ ಆಗಿನ್ನೂ ಬಂದಿರಲಿಲ್ಲ. 1992ರ ಏಪ್ರಿಲ್ 6ರಂದು ಆತ ತೀರಿಕೊಂಡ. ವೈದ್ಯರ ಸಲಹೆಯಂತೆ ಮುಚ್ಚಿಟ್ಟಿದ್ದ ಈ ಸಂಗತಿಯನ್ನು ಪತ್ನಿ ಲೋಕಕ್ಕೆ ತಿಳಿಸಿದ್ದು 2002ರಲ್ಲಿ.