ಬರಿಗಾಲಿನ ಕಲೆಗಾರ ಅಹಮದ್ ಖಾನ್

ನಮ್ಮ ನಾಡಿನ ಒಂದೊಂದು ಸೀಮೆಗೂ ಒಂದೊಂದು ಆಟ ಒಲಿದು ಬಂದಿದೆ. ಅಥಣಿ, ಚಿಕ್ಕೋಡಿ, ರಾಯಬಾಗಗಳ ಕಡೆ ಗರಡಿಯ ಮಣ್ಣಿಗೆ ಎಷ್ಟು ಗೌರವವೋ, ಕೊಡಗಿನಲ್ಲಿ ಹಾಕಿಯ ಕೋಲಿಗೆ ಅಷ್ಟೇ ಗೌರವ. ಹಾಗೆಯೇ ಬೆಂಗಳೂರಿನ ದಂಡುಪ್ರದೇಶದ ಮೈದಾನಗಳಿಗೆ ಒಲಿದ ಆಟ ಕಾಲ್ಚೆಂಡಾಟ. ಅಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನಿಕರು ಬಿಡುವಿನ ವೇಳೆಯಲ್ಲಿ ಆಡುತ್ತಿದ್ದ ಈ ಆಟವನ್ನು ಊರಿನ ಹುಡುಗರು ಅಂಚಿನಲ್ಲಿ ನಿಂತು ನೋಡಿದರು, ನೋಡಿ ಕಲಿತರು, ಕಲಿತು, ಕಲಿಸಿದವರನ್ನೇ ಸೋಲಿಸುವಷ್ಟು ಬೆಳೆದರು. ಬೂಟುಗಳನ್ನು ಕೊಳ್ಳುವ ಶಕ್ತಿ ಅವರಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಆದುದರಿಂದ ಅವರು ಬರಿಗಾಲಿನಲ್ಲಿಯೇ ಆಡಿದರು. ಬಡತನದಿಂದ ಹುಟ್ಟಿದ ಆ ರೂಢಿ ಕಾಲಕ್ರಮದಲ್ಲಿ ಒಂದು ಕಲೆಯಾಗಿ ಅರಳಿತು. ಆ ಕಲೆಯ ಅತ್ಯುತ್ತಮ ಪ್ರತಿನಿಧಿಗಳಲ್ಲಿ ಒಬ್ಬರು ಬೆಂಗಳೂರಿನ ಅಹಮದ್ ಖಾನ್.

ಅಹಮದ್ ಖಾನರು 1926ನೆಯ ಇಸವಿ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದರು. ಅವರದು ಕಾಲ್ಚೆಂಡಾಟದ ಮನೆತನ. ತಂದೆ ಬಾಬಾ ಖಾನರು ಸ್ವತಃ ಆಟಗಾರರು. ಸೋದರರೂ ಅದೇ ಆಟದಲ್ಲಿ ಪಳಗಿದವರು. ಸಂಗೀತಗಾರರ ಮನೆಯ ಮಗುವಿಗೆ ಶ್ರುತಿ ಹೇಗೆ ತಾನಾಗಿಯೇ ಕಿವಿಗೆ ಬೀಳುವುದೋ, ಹಾಗೆ ಅಹಮದನಿಗೆ ಚೆಂಡಿನ ಸದ್ದು ಎಳವೆಯಿಂದಲೇ ಪರಿಚಿತವಾಯಿತು. ಆದರೆ ಮನೆತನದ ಹೆಸರು ಮೈದಾನದ ಹೊಸ್ತಿಲವರೆಗೆ ಮಾತ್ರ ಕರೆದೊಯ್ಯಬಲ್ಲದು. ಒಳಗೆ ಹೋದ ಮೇಲೆ ಚೆಂಡು ಯಾರ ಕುಲಗೋತ್ರವನ್ನೂ ಕೇಳುವುದಿಲ್ಲ. ಈ ಸತ್ಯವನ್ನು ಬಾಲಕ ಅಹಮದ್ ಬೇಗನೆ ಅರಿತನು.

ಅವನು ಬೆಳೆಯುತ್ತಿದ್ದ ಕಾಲ ಬೆಂಗಳೂರಿನ ಕಾಲ್ಚೆಂಡಾಟಕ್ಕೆ ಸುವರ್ಣಕಾಲ. ಮುಂಬಯಿಯಲ್ಲಿ ನಡೆಯುತ್ತಿದ್ದ ರೋವರ್ಸ್ ಕಪ್ ಪಂದ್ಯಾವಳಿಯು 1891ರಲ್ಲಿ ಆರಂಭವಾದಂದಿನಿಂದ ಬ್ರಿಟಿಷ್ ಸೇನಾ ತುಕಡಿಗಳ ಸ್ವತ್ತಿನಂತಿತ್ತು. ಒಂದೊಂದು ವರ್ಷ ಒಂದೊಂದು ತುಕಡಿ ಅದನ್ನು ಗೆದ್ದು ಒಯ್ಯುತ್ತಿತ್ತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ ಆ ಸರಪಳಿಯನ್ನು ಕಡಿದು ಕಪ್ಪನ್ನು ಗೆದ್ದಿತು; ಮರುವರ್ಷ ಮತ್ತೊಮ್ಮೆ ಗೆದ್ದಿತು. ಆಗ ಅಹಮದನಿಗೆ ಹನ್ನೊಂದು ವರ್ಷವೂ ತುಂಬಿರಲಿಲ್ಲ. ಆಳುವವರನ್ನು ಅವರದೇ ಆಟದಲ್ಲಿ ಮಣಿಸಬಹುದು ಎಂಬ ಸಂಗತಿ ಆ ಊರಿನ ಹುಡುಗರ ಎದೆಯಲ್ಲಿ ಎಂತಹ ಕಿಚ್ಚನ್ನು ಹೊತ್ತಿಸಿರಬಹುದೆಂದು ನಾವು ಊಹಿಸಬಹುದು. ಮುಂದೆ ಅಹಮದ್ ಖಾನರು ಅದೇ ತಂಡದ ಅಂಗಿಯನ್ನು ತೊಟ್ಟರು. ಇತ್ತ ಮೈಸೂರು ಸಂಸ್ಥಾನದ ತಂಡವೂ 1946-47ರ ಸಾಲಿನಲ್ಲಿ ಬಲಿಷ್ಠ ಬಂಗಾಳವನ್ನು ಸೋಲಿಸಿ ರಾಷ್ಟ್ರೀಯ ಸಂತೋಷ್ ಟ್ರೋಫಿಯನ್ನು ಮೊದಲ ಬಾರಿಗೆ ತನ್ನದಾಗಿಸಿಕೊಂಡಿತು. ಕಲ್ಕತ್ತೆಯೇ ಭಾರತದ ಕಾಲ್ಚೆಂಡಾಟದ ರಾಜಧಾನಿ ಎಂದು ನಂಬಿದ್ದವರ ಕಣ್ಣುಗಳು ಬೆಂಗಳೂರಿನ ಕಡೆಗೆ ತಿರುಗಿದವು.

ಅಹಮದ್ ಖಾನರ ಆಟದ ವೈಶಿಷ್ಟ್ಯವನ್ನು ತಿಳಿಯಬೇಕಾದರೆ ಅಂದಿನ ಆಟದ ವ್ಯೂಹವನ್ನು ಸ್ವಲ್ಪ ಅರಿಯಬೇಕು. ಆಗ ಐವರು ಆಟಗಾರರು ಮುಂಚೂಣಿಯಲ್ಲಿ ನಿಲ್ಲುತ್ತಿದ್ದರು. ನಟ್ಟನಡುವೆ ಗೋಲು ಹೊಡೆಯುವವನು; ಎರಡು ಅಂಚುಗಳಲ್ಲಿ ವೇಗವಾಗಿ ಓಡುವವರು; ಇವರ ನಡುವಣ ಎರಡು ಸ್ಥಾನಗಳಲ್ಲಿ ಒಳ ಮುನ್ನಡೆಗಾರರು. ಎಡಬದಿಯ ಈ ಒಳ ಸ್ಥಾನವೇ ಅಹಮದ್ ಖಾನರದು. ಈ ಸ್ಥಾನದವನು ಹಿಂದೆ ಸರಿದು ಮೈದಾನದ ನಡುಭಾಗದಿಂದ ಚೆಂಡನ್ನು ತರಬೇಕು, ಎದುರಾಳಿಗಳನ್ನು ತನ್ನ ಕಡೆಗೆ ಸೆಳೆಯಬೇಕು, ತಕ್ಕ ಕ್ಷಣದಲ್ಲಿ ಅದನ್ನು ಜೊತೆಗಾರನಿಗೆ ಒಪ್ಪಿಸಬೇಕು. ಇಂದು ನಡುಕ್ಷೇತ್ರದ ಆಟಗಾರ ಎಂದು ನಾವು ಯಾರನ್ನು ಕರೆಯುತ್ತೇವೆಯೋ ಅವನ ಹೊಣೆಯ ಬಹುಭಾಗವನ್ನು ಅಂದು ಹೊರುತ್ತಿದ್ದವನು ಇವನೇ. ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಗೋಲಿಗೆ ದಾರಿ ಮಾಡಿಕೊಟ್ಟವನ ಹೆಸರು ಆಟ ಬಲ್ಲವರ ನೆನಪಿನಲ್ಲಿ ಮಾತ್ರ ಉಳಿಯುತ್ತದೆ. ಅಹಮದ್ ಖಾನರು ಈ ಎರಡನೆಯ ಬಗೆಯ ಕೀರ್ತಿಯನ್ನು ಹೆಚ್ಚು ಗಳಿಸಿದವರು. ಚೆಂಡು ಅವರ ಬರಿಗಾಲಿಗೆ ಅಂಟಿಕೊಂಡಂತೆ ಸಾಗುತ್ತಿತ್ತು. ಅವರ ಮೈಯ ಒಂದು ಬಳುಕಿಗೆ ಎದುರಾಳಿ ಒಂದು ಕಡೆಗೆ ವಾಲಿದರೆ, ಚೆಂಡು ಇನ್ನೊಂದು ಕಡೆಯಿಂದ ಹಾದುಹೋಗುತ್ತಿತ್ತು.

1947ರಲ್ಲಿ ದೇಶ ಸ್ವತಂತ್ರವಾಯಿತು. ಮರುವರ್ಷ ಲಂಡನ್ನಿನಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ಸ್ವತಂತ್ರ ಭಾರತದ ಕಾಲ್ಚೆಂಡಾಟದ ತಂಡ ಮೊದಲ ಬಾರಿಗೆ ಜಗತ್ತಿನ ಮುಂದೆ ನಿಲ್ಲುವ ಸಂದರ್ಭವದು. ನಾಗಾ ನಾಡಿನ ವೈದ್ಯ ಟಿ. ಆವೊ ಅವರು ತಂಡದ ನಾಯಕರು. ಅಹಮದ್ ಖಾನರೂ ಸಾರಂಗಪಾಣಿ ರಾಮನ್, ಧನರಾಜ್ ಮೊದಲಾದ ಬೆಂಗಳೂರಿನ ಆಟಗಾರರೂ ಆ ತಂಡದಲ್ಲಿದ್ದರು. ಅಹಮದ್ ಖಾನರಿಗೆ ಆಗ ಇಪ್ಪತ್ತೊಂದು ವರ್ಷ.

1948ರ ಜುಲೈ 31ರಂದು ಲಂಡನ್ನಿನ ಹೊರವಲಯದ ಇಲ್‌ಫರ್ಡಿನಲ್ಲಿ ಭಾರತವು ಫ್ರಾನ್ಸ್ ದೇಶವನ್ನು ಎದುರಿಸಿತು. ಸುಮಾರು 17,000 ಜನ ಪ್ರೇಕ್ಷಕರು ಸೇರಿದ್ದರು. ಭಾರತದ ಹನ್ನೊಂದು ಆಟಗಾರರಲ್ಲಿ ಎಂಟು ಮಂದಿ ಪಾದಕ್ಕೆ ಬಟ್ಟೆಯ ಪಟ್ಟಿಯನ್ನು ಸುತ್ತಿಕೊಂಡು ಬೂಟಿಲ್ಲದೆ ಕಣಕ್ಕೆ ಇಳಿದುದನ್ನು ಕಂಡು ಅವರು ಬೆರಗಾದರು. ಆಟ ಆರಂಭವಾದ ಮೇಲೆ ಬೆರಗಿನ ಕಾರಣ ಬೇರೆಯಾಯಿತು. ಬೂಟು ತೊಟ್ಟ ಫ್ರೆಂಚರ ನಡುವೆ ಭಾರತೀಯರು ಚೆಂಡನ್ನು ನವಿರಾಗಿ ಹಾಯಿಸುತ್ತ ನುಸುಳಿದರು. ಫ್ರಾನ್ಸ್ ಮೊದಲ ಗೋಲನ್ನು ಗಳಿಸಿದರೂ ಎಪ್ಪತ್ತನೆಯ ನಿಮಿಷದಲ್ಲಿ ರಾಮನ್ ಅವರು ಗೋಲು ಹೊಡೆದು ಸಮ ಮಾಡಿದರು. ಸ್ವತಂತ್ರ ಭಾರತದ ಪರವಾಗಿ ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಬಂದ ಮೊದಲ ಗೋಲು ಹೀಗೆ ಬೆಂಗಳೂರಿಗನ ಕಾಲಿನಿಂದ ಬಂದಿತು. ಆದರೆ ಅದೃಷ್ಟ ಅಂದು ಭಾರತದ ಕಡೆ ಇರಲಿಲ್ಲ. ದೊರೆತ ಎರಡು ಪೆನಾಲ್ಟಿ ಒದೆತಗಳೂ ವ್ಯರ್ಥವಾದವು. ಆಟ ಮುಗಿಯಲು ಒಂದೇ ನಿಮಿಷ ಉಳಿದಿದ್ದಾಗ ಫ್ರಾನ್ಸ್ ಎರಡನೆಯ ಗೋಲನ್ನು ಹೊಡೆದು 2-1ರಿಂದ ಗೆದ್ದಿತು.

ಗೆದ್ದವರು ಫ್ರೆಂಚರಾದರೂ ಪ್ರೇಕ್ಷಕರ ಮನಸ್ಸನ್ನು ಗೆದ್ದವರು ಭಾರತೀಯರು. ಅಹಮದ್ ಖಾನರ ಕಾಲಿನ ಚಳಕವನ್ನು ಕಂಡವರು ಅವರನ್ನು ಹಾವಾಡಿಗನಿಗೆ ಹೋಲಿಸಿದರು. ಪುಂಗಿಯ ನಾದಕ್ಕೆ ಹಾವು ತಲೆದೂಗುವಂತೆ ಅವರ ಪಾದದ ಸುಳಿವಿಗೆ ಚೆಂಡು ತಲೆಬಾಗುತ್ತಿತ್ತು ಎಂಬುದು ಆ ಹೋಲಿಕೆಯ ಅರ್ಥ. ಆ ಪ್ರವಾಸದಲ್ಲಿಯೇ ಭಾರತದ ತಂಡವು ಹಾಲೆಂಡಿನ ಪ್ರಸಿದ್ಧ ಅಯಾಕ್ಸ್ ತಂಡವನ್ನು 5-1ರಿಂದ ಸೋಲಿಸಿತು.

ಲಂಡನ್ನಿನಿಂದ ಮರಳಿದ ಅಹಮದ್ ಖಾನರ ಮುಂದೆ ಜೀವನದ ದೊಡ್ಡ ಪ್ರಶ್ನೆಯೊಂದು ನಿಂತಿತು. ಹುಟ್ಟಿದ ಊರು, ಬೆಳೆದ ಮೈದಾನ, ಬಂಧುಬಳಗ ಎಲ್ಲವೂ ಬೆಂಗಳೂರಿನಲ್ಲಿ. ಆದರೆ ಆಟವನ್ನೇ ಬಾಳಾಗಿ ಮಾಡಿಕೊಳ್ಳಬಯಸುವವನಿಗೆ ಕಲ್ಕತ್ತೆಯಂತಹ ಕಣ ಬೇರೊಂದಿರಲಿಲ್ಲ. 1949ರಲ್ಲಿ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ಭಾಷೆ ಬೇರೆ, ಊಟ ಬೇರೆ, ಹವೆ ಬೇರೆ. ಅಲ್ಲಿ ಕಾಲ್ಚೆಂಡಾಟದ ಋತುವೆಂದರೆ ಮಳೆಗಾಲ. ಕೆಸರು ತುಂಬಿದ ಮೈದಾನದಲ್ಲಿ ಬರಿಗಾಲಿನವನಿಗೆ ಹೆಜ್ಜೆಹೆಜ್ಜೆಗೂ ಜಾರುವ ಭಯ. ಬೆಂಗಳೂರಿನ ಗಟ್ಟಿ ನೆಲದಲ್ಲಿ ಆಡಿ ಬೆಳೆದ ಕಾಲುಗಳಿಗೆ ಇದು ಹೊಸ ಪಾಠವಾಗಿತ್ತು. ಅವರು ಆ ಪಾಠವನ್ನೂ ಕಲಿತರು.

ಆ ತಂಡದ ಹಿಂದೆ ಒಂದು ದುಃಖದ ಕಥೆಯೂ ಇತ್ತು. 1920ರಲ್ಲಿ ಸ್ಥಾಪನೆಯಾದ ಈಸ್ಟ್ ಬೆಂಗಾಲ್ ಕ್ಲಬ್ಬು ಹೆಸರೇ ಹೇಳುವಂತೆ ಪೂರ್ವ ಬಂಗಾಳದ ಜನರ ಅಭಿಮಾನದ ಸಂಸ್ಥೆ. ದೇಶ ವಿಭಜನೆಯಾದಾಗ ಲಕ್ಷಾಂತರ ಜನರು ಮನೆಮಠಗಳನ್ನು ಕಳೆದುಕೊಂಡು ಕಲ್ಕತ್ತೆಗೆ ಬಂದರು. ಬೀಡಾರಗಳಲ್ಲಿಯೂ ರೈಲು ನಿಲ್ದಾಣಗಳಲ್ಲಿಯೂ ದಿನ ಕಳೆಯುತ್ತಿದ್ದ ಆ ನಿರಾಶ್ರಿತರಿಗೆ ತಮ್ಮದೆಂದು ಹೇಳಿಕೊಳ್ಳಲು ಉಳಿದಿದ್ದ ಕೆಲವೇ ವಸ್ತುಗಳಲ್ಲಿ ಈ ತಂಡವೂ ಒಂದು. ಅದು ಗೆದ್ದ ದಿನ ಅವರ ಮುಖದಲ್ಲಿ ನಗು ಮೂಡುತ್ತಿತ್ತು. ಆ ನಗುವನ್ನು ತರುವ ಹೊಣೆ ದೂರದ ದಕ್ಷಿಣದಿಂದ ಬಂದ ಐವರ ಮೇಲೆ ಬಿದ್ದಿತು. ವೆಂಕಟೇಶ್, ಅಪ್ಪಾರಾವ್, ಸಾಲೆ, ಅಹಮದ್ ಖಾನ್, ಧನರಾಜ್ ಇವರೇ ಆ ಐವರು. ಬೇರೆಬೇರೆ ಮಾತಿನವರೂ ಬೇರೆಬೇರೆ ಮತದವರೂ ಆದ ಇವರನ್ನು ಬಂಗಾಳದ ಜನ ಪ್ರೀತಿಯಿಂದ ಪಂಚಪಾಂಡವರು ಎಂದು ಕರೆದರು. ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ದಿನಗಳಲ್ಲಿ, ನೊಂದು ಬಂದ ಆ ಜನರು ಬೆಂಗಳೂರಿನ ಮುಸಲ್ಮಾನ ತರುಣನೊಬ್ಬನನ್ನು ತಮ್ಮ ಪಾಂಡವರಲ್ಲಿ ಒಬ್ಬನೆಂದು ಎಣಿಸಿದುದು ಆಟಕ್ಕೆ ಮಾತ್ರ ಸಾಧ್ಯವಾಗುವ ಪವಾಡ.

ಪಾಂಡವರು ಕೂಡಿದ ಮೊದಲ ವರ್ಷವೇ, ಎಂದರೆ 1949ರಲ್ಲಿ, ಈಸ್ಟ್ ಬೆಂಗಾಲ್ ತಂಡವು ಕಲ್ಕತ್ತೆಯ ಲೀಗ್, ಐ.ಎಫ್.ಎ. ಶೀಲ್ಡ್, ರೋವರ್ಸ್ ಕಪ್ ಈ ಮೂರನ್ನೂ ಗೆದ್ದಿತು. 1949, 1950, 1951 ಹೀಗೆ ಸತತವಾಗಿ ಮೂರು ವರ್ಷ ಶೀಲ್ಡ್ ಅವರದಾಯಿತು. 1951ರಲ್ಲಿಯೂ 1952ರಲ್ಲಿಯೂ ಡ್ಯೂರಾಂಡ್ ಕಪ್ ಕೈಸೇರಿತು. ಈ ಐವರಲ್ಲಿ ಒಬ್ಬನು ಚೆಂಡನ್ನು ಪಡೆಯುವಾಗಲೇ ಉಳಿದ ನಾಲ್ವರು ಎಲ್ಲಿಗೆ ಓಡಬೇಕೆಂಬುದನ್ನು ಬಲ್ಲವರಾಗಿದ್ದರು. ಅಹಮದ್ ಖಾನರು ಆ ವ್ಯೂಹದ ಮಿದುಳು. ತಾನೇ ಗೋಲು ಹೊಡೆಯುವ ಅವಕಾಶವಿದ್ದಾಗಲೂ ತನಗಿಂತ ಅನುಕೂಲವಾದ ಸ್ಥಳದಲ್ಲಿದ್ದ ಗೆಳೆಯನಿಗೆ ಚೆಂಡನ್ನು ಒಪ್ಪಿಸುವುದು ಅವರ ಸ್ಥಾನದ ಧರ್ಮವಾಗಿತ್ತು.

1951ರ ಮಾರ್ಚಿಯಲ್ಲಿ ದೆಹಲಿಯಲ್ಲಿ ಪ್ರಥಮ ಏಷ್ಯನ್ ಕ್ರೀಡೆಗಳು ನಡೆದವು. ಶೈಲೇನ್ ಮನ್ನಾ ಅವರ ನಾಯಕತ್ವದಲ್ಲಿ, ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರ ಶಿಕ್ಷಣದಲ್ಲಿ ಸಿದ್ಧವಾದ ಭಾರತದ ತಂಡದಲ್ಲಿ ಅಹಮದ್ ಖಾನರೂ ಇದ್ದರು. ಇಂಡೋನೇಷ್ಯಾ, ಆಫ್ಘಾನಿಸ್ತಾನಗಳನ್ನು ಸೋಲಿಸಿದ ಭಾರತವು ಅಂತಿಮ ಪಂದ್ಯದಲ್ಲಿ ಇರಾನನ್ನು 1-0ಯಿಂದ ಜಯಿಸಿ ಚಿನ್ನದ ಪದಕವನ್ನು ಪಡೆಯಿತು. ಆ ಒಂದೇ ಗೋಲು ಮೇವಾಲಾಲರದು.

ಏರಿದ ಮೇಲೆ ಇಳಿಯುವ ಕಷ್ಟವೂ ಒಂದು ದಿನ ಬರುತ್ತದೆ. 1952ರ ಜುಲೈ 15ರಂದು ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ನಡೆದ ಒಲಿಂಪಿಕ್ ಪಂದ್ಯದಲ್ಲಿ ಭಾರತವು ಯುಗೋಸ್ಲಾವಿಯಾ ದೇಶವನ್ನು ಎದುರಿಸಿತು. ಉತ್ತರದ ಆ ನಾಡಿನ ಚಳಿ, ಒದ್ದೆಯ ನೆಲ, ಎದುರಿಗೆ ದೃಢಕಾಯರಾದ ಬೂಟುಧಾರಿಗಳು. ಭಾರತದ ಹೆಚ್ಚಿನ ಆಟಗಾರರು ಅಂದೂ ಬರಿಗಾಲಿನಲ್ಲಿಯೇ ಇದ್ದರು. ಗೋಲಿನ ಮೇಲೆ ಗೋಲು ಬಿದ್ದವು. ಎದುರಾಳಿಗಳ ಗೋಲುಗಳ ಸಂಖ್ಯೆ ಹತ್ತಕ್ಕೆ ಏರಿತು. ಇಂತಹ ಗಳಿಗೆಯಲ್ಲಿ ಆಟಗಾರನ ಕಾಲಿಗಿಂತ ಮೊದಲು ಮನಸ್ಸು ಸೋಲುತ್ತದೆ. ಗಡಿಯಾರ ಯಾವಾಗ ತೀರುವುದೋ ಎಂದು ಅವನು ಕಾಯತೊಡಗುತ್ತಾನೆ. ಆದರೆ ಅಹಮದ್ ಖಾನರು ಕೊನೆಯವರೆಗೂ ಆಡಿದರು. ಪಂದ್ಯ ಮುಗಿಯುವ ಹೊತ್ತಿಗೆ ಅವರು ಭಾರತದ ಏಕೈಕ ಗೋಲನ್ನು ಹೊಡೆದರು. ಆ ಗೋಲು ಫಲಿತಾಂಶವನ್ನು ಬದಲಿಸಲಿಲ್ಲ. 10-1 ಎಂಬುದು ಭಾರಿ ಸೋಲೇ ಸರಿ. ಆದರೆ ಸೋತಾಗಲೂ ತನ್ನ ಕರ್ತವ್ಯವನ್ನು ಬಿಡದವನ ಗುರುತಾಗಿ ಆ ಒಂದು ಅಂಕೆ ದಾಖಲೆಯಲ್ಲಿ ಉಳಿದಿದೆ.

ಆ ಸೋಲು ಒಂದು ಪಾಠವನ್ನೂ ಕಲಿಸಿತು. ಬರಿಗಾಲಿನ ಆಟ ಎಷ್ಟೇ ಸೊಗಸಾಗಿದ್ದರೂ ಜಗತ್ತಿನೊಡನೆ ಸ್ಪರ್ಧಿಸಲು ಅದು ಸಾಲದೆಂದು ದೇಶದ ಕ್ರೀಡಾ ಆಡಳಿತ ಮನಗಂಡಿತು. ಬೂಟುಗಳನ್ನು ಧರಿಸುವುದು ಕಡ್ಡಾಯವಾಯಿತು. ಬಾಲ್ಯದಿಂದ ಪಾದದ ಚರ್ಮದಿಂದಲೇ ಚೆಂಡಿನ ಮಾತನ್ನು ಕೇಳಿದವರಿಗೆ ತೊಗಲಿನ ಬೂಟಿನೊಳಗಿಂದ ಅದನ್ನು ಕೇಳುವುದು ಸುಲಭವಾಗಿರಲಿಲ್ಲ. ಮಾಗಿದ ಕಲೆಗಾರನು ಮತ್ತೆ ವಿದ್ಯಾರ್ಥಿಯಾಗಬೇಕಾಯಿತು. ಅನೇಕ ಹೆಸರಾಂತ ಆಟಗಾರರ ಕಾಲ ಅಲ್ಲಿಗೆ ಮುಗಿಯಿತು. ಅಹಮದ್ ಖಾನರು ಮುಂದೆಯೂ ವರ್ಷಗಳ ಕಾಲ ಈಸ್ಟ್ ಬೆಂಗಾಲ್ ತಂಡದಲ್ಲಿಯೇ ಆಡಿದರು. 1953ರಲ್ಲಿ ಆ ತಂಡ ರುಮೇನಿಯಾ, ಸೋವಿಯತ್ ಒಕ್ಕೂಟಗಳಲ್ಲಿ ಪ್ರವಾಸ ಮಾಡಿತು. 1956ರಲ್ಲಿ ಮೆಲ್ಬೋರ್ನಿನಲ್ಲಿ ಬೂಟು ತೊಟ್ಟ ಭಾರತದ ತಂಡ ಒಲಿಂಪಿಕ್ಕಿನ ನಾಲ್ಕನೆಯ ಸ್ಥಾನವನ್ನು ಪಡೆದಾಗ, ಬೆಂಗಳೂರಿನವರೇ ಆದ ಕೆಂಪಯ್ಯನವರು ಆ ತಂಡದ ನಡುಭಾಗದ ಆಟಗಾರರಲ್ಲಿ ಒಬ್ಬರಾಗಿದ್ದರು. ಹಿರಿಯರ ಸೋಲು ಕಿರಿಯರಿಗೆ ಮೆಟ್ಟಿಲಾಯಿತು.

ಆಟದಿಂದ ನಿವೃತ್ತರಾದ ಅಹಮದ್ ಖಾನರು ತಮ್ಮ ಮುಪ್ಪಿನ ದಿನಗಳನ್ನು ಹುಟ್ಟೂರಿನಲ್ಲಿಯೇ ಕಳೆದರು. 2017ರ ಆಗಸ್ಟ್ 27ರಂದು, ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲಿ ನಿಧನರಾದರು. ಅವರ ಆಟವನ್ನು ಕಣ್ಣಾರೆ ಕಂಡವರ ತಲೆಮಾರು ಬಹುಮಟ್ಟಿಗೆ ಅವರಿಗಿಂತ ಮುಂಚೆಯೇ ಮರೆಯಾಗಿತ್ತು.

ಇಂದು ನಮ್ಮ ಹಳ್ಳಿಗಳ ಬಯಲುಗಳಲ್ಲಿ ಸಂಜೆಯ ಹೊತ್ತು ಬರಿಗಾಲಿನಲ್ಲಿ ಚೆಂಡನ್ನು ಒದೆಯುವ ಹುಡುಗರನ್ನು ಕಾಣುತ್ತೇವೆ. ಅವರಲ್ಲಿ ಎಲ್ಲರೂ ಒಲಿಂಪಿಕ್ ಕಣವನ್ನು ಮುಟ್ಟಲಾರರು. ಆದರೆ ಇರುವ ಸೌಕರ್ಯದಲ್ಲಿಯೇ ಕಲಿಕೆಯನ್ನು ಆರಂಭಿಸುವುದು, ಕೀರ್ತಿಯನ್ನು ಜೊತೆಗಾರರೊಡನೆ ಹಂಚಿಕೊಳ್ಳುವುದು, ಹತ್ತು ಗೋಲುಗಳಿಂದ ಹಿಂದೆ ಬಿದ್ದಾಗಲೂ ಹನ್ನೊಂದನೆಯ ಬಾರಿಗೆ ಮುಂದೆ ಓಡುವುದು, ಇವು ಯಾರಿಗೂ ಅಸಾಧ್ಯವಾದ ಗುಣಗಳಲ್ಲ. ಬೆಂಗಳೂರಿನ ಬರಿಗಾಲಿನ ಹುಡುಗನೊಬ್ಬನು ಈ ಗುಣಗಳ ಬಲದಿಂದಲೇ ಲಂಡನ್ನಿನ ಜನರನ್ನು ಬೆರಗುಗೊಳಿಸಿ, ಕಲ್ಕತ್ತೆಯ ನಿರಾಶ್ರಿತರ ಕಣ್ಣೀರನ್ನು ಒರೆಸಿದನು.